ಅಪ್ಪನ ಸುತ್ತಿಗೆ, ಮಗನ ಪದವಿ

ಅದು 1946ರ ಅಕ್ಟೋಬರ್ ತಿಂಗಳು. ಪ್ಯಾರಿಸ್ಸಿನ ಗ್ರಾಂ ಪಾಲೆ ಎಂಬ ಭವ್ಯ ಕಟ್ಟಡದಲ್ಲಿ ಮೋಟಾರು ಪ್ರದರ್ಶನ ಏರ್ಪಾಡಾಗಿತ್ತು. ಮಹಾಯುದ್ಧ ಮುಗಿದ ಮೇಲೆ ಅಲ್ಲಿ ನಡೆದ ಮೊದಲ ಪ್ರದರ್ಶನವದು. ಯುದ್ಧದಲ್ಲಿ ಸೋತ ಇಟಲಿಯ ತಯಾರಕರಿಗೆ ಒಳಗೆ ಜಾಗ ಕೊಡಲು ಸಂಘಟಕರು ಒಪ್ಪಿರಲಿಲ್ಲ. ಹಾಗಿದ್ದರೂ ದಿನಾ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಎದುರಿನ ರಸ್ತೆಯಲ್ಲಿ ಇಟಲಿಯ ಎರಡು ಕಾರುಗಳು ತೊಳೆದು ಒರೆಸಿಕೊಂಡು ಥಳಥಳಿಸುತ್ತ ನಿಂತಿರುತ್ತಿದ್ದವು. ಒಂದು ಆಲ್ಫಾ ರೋಮಿಯೊ, ಇನ್ನೊಂದು ಲಾನ್ಸಿಯಾ. ಟಿಕೆಟ್ಟು ಕೊಂಡು ಒಳಹೋಗಬೇಕಾದ ಜನ ಅಲ್ಲೇ ಗುಂಪುಗೂಡಿ ನೋಡತೊಡಗಿದರು!

ಆ ಕಾರುಗಳನ್ನು ಟ್ಯೂರಿನ್‌ನಿಂದ ಓಡಿಸಿಕೊಂಡು ಬಂದಿದ್ದವರು ಒಬ್ಬ ಅಪ್ಪ ಮತ್ತು ಮಗ. ಅಪ್ಪ ಬತ್ತಿಸ್ತಾ ಫರೀನಾನಿಗೆ ಐವತ್ತು ದಾಟಿತ್ತು. ಮಗ ಸೆರ್ಜಿಯೊನಿಗೆ ಇಪ್ಪತ್ತು. ಅವನ ಓದು ಇನ್ನೂ ಮುಗಿದಿರಲಿಲ್ಲ. ಕಾಲೇಜಿನಲ್ಲಿ ಸಿಗದ ಪಾಠವೊಂದು ಆ ರಸ್ತೆಬದಿಯಲ್ಲಿ ಅವನಿಗೆ ಸಿಕ್ಕಿತು ಎನ್ನಬೇಕು.

ಬತ್ತಿಸ್ತಾ ಹನ್ನೊಂದು ಮಕ್ಕಳಲ್ಲಿ ಹತ್ತನೆಯವನು. ಹುಟ್ಟಿದ್ದು 1893ರಲ್ಲಿ. ಮನೆಯವರು ಅವನನ್ನು ಕರೆಯುತ್ತಿದ್ದುದು ‘ಪಿನಿನ್’ ಎಂದು. ಇಟಲಿಯ ಪಿಯೆಡ್‌ಮಾಂಟ್ ಸೀಮೆಯ ಆಡುಮಾತಿನಲ್ಲಿ ಹಾಗೆಂದರೆ ಚಿಕ್ಕವನು. ನಮ್ಮ ಮನೆಗಳಲ್ಲಿ ‘ಪುಟ್ಟ’ ಎನ್ನುತ್ತೇವಲ್ಲ, ಹಾಗೆ. ಹನ್ನೆರಡರ ಆಸುಪಾಸಿನಲ್ಲೇ ಅವನು ಅಣ್ಣ ಜೊವಾನ್ನಿಯ ಕಾರ್ಖಾನೆ ಸೇರಿದ. ಕಲಿತದ್ದೆಲ್ಲ ಅಲ್ಲೇ, ಸುತ್ತಿಗೆಯ ಸದ್ದಿನ ನಡುವೆ. 1930ರಲ್ಲಿ ಅಣ್ಣನಿಂದ ಬೇರೆಯಾಗಿ ಟ್ಯೂರಿನ್‌ನ ಕೊರ್ಸೊ ತ್ರಪಾನಿ ರಸ್ತೆಯಲ್ಲಿ ಸ್ವಂತ ಕಾರ್ಖಾನೆ ತೆರೆದ. ಲಾನ್ಸಿಯಾ ಕಂಪನಿಯ ಸ್ಥಾಪಕ ವಿಂಚೆಂಜೊ ಲಾನ್ಸಿಯಾ ಅವನ ಬೆನ್ನಿಗೆ ನಿಂತಿದ್ದ.

ಆ ಕಾಲದ ಕಾರು ತಯಾರಿಕೆ ಹೇಗಿತ್ತು ಎಂಬುದನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳಬೇಕು. ನಮ್ಮ ಹೆದ್ದಾರಿಗಳಲ್ಲಿ ಮೈಯಿಲ್ಲದ ಲಾರಿಯ ಬರೀ ಚಾಸಿಯನ್ನು, ಮುಖಕ್ಕೆ ಟವೆಲ್ ಸುತ್ತಿಕೊಂಡು ಓಡಿಸಿಕೊಂಡು ಹೋಗುವ ಚಾಲಕರನ್ನು ಹಲವರು ನೋಡಿರುತ್ತಾರೆ. ಎಂಜಿನ್, ಗಾಲಿ, ಚೌಕಟ್ಟು ಕಂಪನಿಯದು. ಬಾಡಿ ಕಟ್ಟುವುದು ಬೇರೆ ಕಡೆ. ಎರಡು ಮಹಾಯುದ್ಧಗಳ ನಡುವಿನ ಯೂರೋಪಿನಲ್ಲಿ ಶ್ರೀಮಂತರ ಕಾರುಗಳೂ ಹೀಗೆಯೇ ತಯಾರಾಗುತ್ತಿದ್ದವು. ಗಿರಾಕಿ ಚಾಸಿ ಕೊಂಡು, ಬಟ್ಟೆ ಹಿಡಿದು ದರ್ಜಿಯ ಬಳಿ ಹೋಗುವಂತೆ, ಬಾಡಿ ಕಟ್ಟುವವನ ಬಳಿ ಹೋಗುತ್ತಿದ್ದ. ಮರದಲ್ಲಿ ಕಾರಿನ ಆಕಾರ ಕಡೆದು, ಅದರ ಮೇಲೆ ತಗಡನ್ನು ಬಡಿದು ಬಡಿದು ಬಾಗಿಸಬೇಕು. ನಮ್ಮ ಗ್ಯಾರೇಜುಗಳ ಟಿಂಕರಿಂಗ್ ಕೆಲಸಗಾರ ಸೊಟ್ಟಗಾದ ಮಡ್‌ಗಾರ್ಡನ್ನು ಕೈಯಿಂದ ಸವರಿ ಉಬ್ಬುತಗ್ಗು ಪತ್ತೆ ಮಾಡುತ್ತಾನಲ್ಲ, ಅದೇ ಬಗೆಯ ವಿದ್ಯೆ. ಅಂಗೈಯೇ ಅಳತೆಗೋಲು.

ಬತ್ತಿಸ್ತಾನ ಹೆಸರನ್ನು ಇಟಲಿಯ ಗಡಿ ದಾಟಿಸಿದ್ದು ‘ಚಿಸಿತಾಲಿಯಾ 202’ ಎಂಬ ಪುಟ್ಟ ಕಾರು. ಅದು ಹೊರಬಂದದ್ದು 1947ರಲ್ಲಿ. ಅದಕ್ಕೆ ಮೊದಲಿನ ಕಾರುಗಳಲ್ಲಿ ಬಾನೆಟ್ಟು, ಮಡ್‌ಗಾರ್ಡು, ದೀಪಗಳೆಲ್ಲ ಒಂದೊಂದಾಗಿ ತಂದು ಜೋಡಿಸಿದಂತೆ ಕಾಣುತ್ತಿದ್ದವು. ಚಿಸಿತಾಲಿಯಾದಲ್ಲಿ ಅವೆಲ್ಲ ಒಂದೇ ಹೊದಿಕೆಯೊಳಗೆ ಕರಗಿಹೋಗಿದ್ದವು. ಇಂದು ಬೀದಿಯಲ್ಲಿ ಓಡುವ ಯಾವುದೇ ಕಾರನ್ನು ನೋಡಿದರೂ ಆ ಕಲ್ಪನೆಯ ನೆರಳು ಕಾಣುತ್ತದೆ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 1951ರಲ್ಲಿ ಎಂಟು ಕಾರುಗಳನ್ನು ಕಲಾಕೃತಿಗಳೆಂದೇ ಪ್ರದರ್ಶನಕ್ಕಿಟ್ಟಾಗ ಅವುಗಳಲ್ಲಿ ಇದೂ ಒಂದಾಗಿತ್ತು.

ಬಡಿಗೆ ಬಿಟ್ಟು ಪುಸ್ತಕ ಹಿಡಿದ ಮಗ

ಇಷ್ಟು ಹೆಸರು ಮಾಡಿದ ಅಪ್ಪ ಮಗನನ್ನೂ ಹನ್ನೆರಡನೇ ವಯಸ್ಸಿಗೇ ಸುತ್ತಿಗೆ ಹಿಡಿಸಬಹುದಿತ್ತು. ಆದರೆ ಸೆರ್ಜಿಯೊ ಓದಿದ್ದು ಟ್ಯೂರಿನ್‌ನ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದಲ್ಲಿ, ಮೆಕ್ಯಾನಿಕಲ್ ಎಂಜಿನಿಯರಿಂಗ್. ಪದವಿ ಬಂದದ್ದು 1950ರಲ್ಲಿ. ಕೈಕಸುಬಿನ ಮನೆಗೆ ಎಂಜಿನಿಯರ್ ಏಕೆ ಬೇಕು ಎಂದು ಯಾರಾದರೂ ಕೇಳಿದ್ದರೆ ಅದು ತಪ್ಪು ಪ್ರಶ್ನೆಯೇನೂ ಆಗಿರಲಿಲ್ಲ. ಉತ್ತರ ಸಿಗಲು ಕೆಲವು ವರ್ಷ ಬೇಕಾಯಿತು.

ಪದವಿ ಮುಗಿದ ಮರುವರ್ಷವೇ ದೊಡ್ಡದೊಂದು ಅವಕಾಶ ಬಂತು. ರೇಸ್ ಕಾರುಗಳಿಂದ ಪ್ರಸಿದ್ಧನಾಗಿದ್ದ ಎಂಜೊ ಫೆರಾರಿಗೆ ತನ್ನ ಕಾರುಗಳಿಗೆ ಒಳ್ಳೆಯ ಮೈಕಟ್ಟು ಬೇಕಿತ್ತು. ಬತ್ತಿಸ್ತಾನಿಗೂ ಆಸೆಯಿತ್ತು. ಆದರೆ ಇಬ್ಬರೂ ಹಠಮಾರಿಗಳು. ‘ಅವರೇ ಇಲ್ಲಿಗೆ ಬರಲಿ’ ಎಂದು ಇವನು, ‘ಅವರೇ ಬರಲಿ’ ಎಂದು ಅವನು! ಕೊನೆಗೆ ಟ್ಯೂರಿನ್‌ಗೂ ಫೆರಾರಿಯ ಮೊಡೆನಾಕ್ಕೂ ನಡುವೆ ಇರುವ ತೊರ್ತೊನಾ ಎಂಬ ಊರಿನ ಹೋಟೆಲೊಂದರಲ್ಲಿ ಊಟಕ್ಕೆ ಸೇರಿದರು. ಮಾತು ಕುದುರಿತು. ಮರಳುವ ದಾರಿಯಲ್ಲಿ ಅಪ್ಪ ಮಗನಿಗೆ ಹೇಳಿದ್ದು ಇಷ್ಟೇ: ಇನ್ನು ಮುಂದೆ ಫೆರಾರಿಯ ಕೆಲಸವೆಲ್ಲ ಮೊದಲಿನಿಂದ ಕೊನೆಯವರೆಗೆ ನಿನ್ನದು. ಆಗ ಸೆರ್ಜಿಯೊನಿಗೆ ಇಪ್ಪತ್ತೈದರ ಪ್ರಾಯ. ಎದುರಿಗಿದ್ದ ಗಿರಾಕಿ ಮುಂಗೋಪಕ್ಕೆ ಹೆಸರಾದವನು. ಮಗನನ್ನು ಗಲ್ಲಾದ ಮೇಲೆ ಕೂರಿಸಿ ಕೀಲಿಕೈಯನ್ನು ತಮ್ಮ ಸೊಂಟದಲ್ಲೇ ಇಟ್ಟುಕೊಳ್ಳುವ ಅಪ್ಪಂದಿರೇ ಹೆಚ್ಚಾಗಿರುವ ಲೋಕದಲ್ಲಿ ಇದು ಸಣ್ಣ ಮಾತಲ್ಲ.

ಅದೇ ಹೊತ್ತಿಗೆ ಕಸುಬಿನ ಬುಡವೇ ಅಲುಗಾಡತೊಡಗಿತ್ತು. ಚಾಸಿ ಮತ್ತು ಬಾಡಿ ಬೇರೆ ಬೇರೆಯಾಗಿರುವ ಪದ್ಧತಿ ಬಿಟ್ಟು, ಇಡೀ ಕಾರನ್ನು ಒಂದೇ ಗೂಡಿನಂತೆ ಬೆಸುಗೆ ಹಾಕುವ ವಿಧಾನವನ್ನು ಕಂಪನಿಗಳು ಹಿಡಿದವು. ಇದರಿಂದ ಕಾರು ಹಗುರ, ಬೆಲೆಯೂ ಕಡಿಮೆ. ಚಾಸಿಯೇ ಇಲ್ಲವೆಂದ ಮೇಲೆ ಅದರ ಮೇಲೆ ಬಾಡಿ ಕಟ್ಟುವವನಿಗೆ ಕೆಲಸವೆಲ್ಲಿ? ಬತ್ತಿಸ್ತಾ ಪಾಠ ಕಲಿತ ಅಣ್ಣನ ಕಾರ್ಖಾನೆಯೇ 1953ರಲ್ಲಿ ಮುಚ್ಚಿತು. ಮಿಲಾನಿನ ‘ಟೂರಿಂಗ್’ ಎಂಬ ಹೆಸರಾಂತ ಸಂಸ್ಥೆ 1966ರಲ್ಲಿ ಬಾಗಿಲು ಹಾಕಿತು. ಅಲ್ಲಿದ್ದವರ ಕೈಚಳಕಕ್ಕೇನೂ ಕೊರತೆಯಿರಲಿಲ್ಲ.

ಎಂಜಿನಿಯರ್ ಮಗನ ಉಪಯೋಗ ತಿಳಿದದ್ದು ಈಗ. ಆಲ್ಫಾ ರೋಮಿಯೊ ಕಂಪನಿಯ ಜೂಲಿಯೆಟ್ಟಾ ಸ್ಪೈಡರ್ ಕಾರಿನ ಬಾಡಿಗಳನ್ನು ಸಾವಿರಗಳ ಲೆಕ್ಕದಲ್ಲಿ ಮಾಡಿಕೊಡುವ ಕೆಲಸವನ್ನು ಸಂಸ್ಥೆ ಐವತ್ತರ ದಶಕದ ಮಧ್ಯದಲ್ಲಿ ಕೈಗೆತ್ತಿಕೊಂಡಿತು. ಒಂದೊಂದೇ ಕಾರನ್ನು ಬಡಿದು ಮಾಡುವವರಿಗೆ ಅದು ಬೇರೆಯದೇ ಪ್ರಪಂಚ. ಅಚ್ಚು, ಒತ್ತುಯಂತ್ರ, ದಿನಕ್ಕಿಷ್ಟು ಎಂಬ ಲೆಕ್ಕ. 1958ರಲ್ಲಿ ಟ್ಯೂರಿನ್ ಹೊರವಲಯದ ಗ್ರುಲಿಯಾಸ್ಕೊದಲ್ಲಿ ಹೊಸ ಕಾರ್ಖಾನೆ ಶುರುವಾಯಿತು. ಸೆರ್ಜಿಯೊನ ಜತೆಗೆ ಅವನ ಅಕ್ಕನ ಗಂಡ ರೆಂಜೊ ಕಾರ್ಲಿ ಆಡಳಿತಕ್ಕೆ ಹೆಗಲು ಕೊಟ್ಟ.

ವಿನ್ಯಾಸ ಮಾಡಿಕೊಡುವ ಕೆಲಸವೂ ದೇಶವಿದೇಶಗಳಿಂದ ಬರುತ್ತಿತ್ತು. ನಮ್ಮ ಅಂಬಾಸಿಡರ್‌ಗೆ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬುದು ಹಲವರಿಗೆ ಗೊತ್ತು. ಅದೇ ಆಕ್ಸ್‌ಫರ್ಡ್‌ಗೆ 1959ರಲ್ಲಿ ಹೊಸ ಮೈಕಟ್ಟು ರೂಪಿಸಿಕೊಟ್ಟದ್ದು ಈ ಟ್ಯೂರಿನ್ ಸಂಸ್ಥೆ. ಆ ವೇಳೆಗೆ ನಮ್ಮಲ್ಲಿ ಹಳೆಯ ಆಕ್ಸ್‌ಫರ್ಡೇ ಅಂಬಾಸಿಡರ್ ಎಂಬ ಹೆಸರಿನಲ್ಲಿ ತಯಾರಾಗತೊಡಗಿತ್ತು. ಹೀಗಾಗಿ ಇಟಲಿಯ ಆ ಹೊಸ ಉಡುಪು ನಮ್ಮ ಕಾರಿಗೆ ದಕ್ಕಲಿಲ್ಲ.

1961ರಲ್ಲಿ ಎರಡು ಸಂಗತಿಗಳು ನಡೆದವು. ಇಟಲಿಯ ರಾಷ್ಟ್ರಾಧ್ಯಕ್ಷ ಜೊವಾನ್ನಿ ಗ್ರೊಂಕಿ ಹೊರಡಿಸಿದ ಆದೇಶದ ಮೂಲಕ ಮನೆತನದ ಹೆಸರು ‘ಪಿನಿನ್‌ಫರೀನಾ’ ಎಂದು ಬದಲಾಯಿತು. ‘ಪುಟ್ಟ’ ಎಂಬ ಮನೆಮಾತು ಸರ್ಕಾರಿ ಕಾಗದದ ಮೇಲೇರಿತು! ಮೂವತ್ತನಾಲ್ಕರ ಸೆರ್ಜಿಯೊನ ಉಪನಾಮವೂ ಅಂದಿನಿಂದ ಅದೇ. ಅದೇ ವರ್ಷ ಬತ್ತಿಸ್ತಾ ಸಂಸ್ಥೆಯ ಹೊಣೆಯನ್ನು ಮಗ ಮತ್ತು ಅಳಿಯನಿಗೆ ಒಪ್ಪಿಸಿದ. ಅವನ ಕೊನೆಯ ಕೃತಿಯೆಂದು ಹೆಸರಾದ ಆಲ್ಫಾ ರೋಮಿಯೊ ಸ್ಪೈಡರ್ 1966ರ ಮಾರ್ಚ್‌ನಲ್ಲಿ ಜಿನೀವಾ ಪ್ರದರ್ಶನಕ್ಕೆ ಬಂತು. ಏಪ್ರಿಲ್ 3ರಂದು ಆತ ತೀರಿಕೊಂಡ.

ಸೆರ್ಜಿಯೊ ಅಪ್ಪನ ಗೆರೆಗಳನ್ನೇ ನಕಲು ಮಾಡುತ್ತ ಕೂರಲಿಲ್ಲ. ಫೆರಾರಿಯ ಉದಾಹರಣೆಯನ್ನೇ ನೋಡಬಹುದು. ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ, ಕಾರಿನ ನಡುಮಧ್ಯೆ ಇಡುವ ಪದ್ಧತಿ ರೇಸಿನಲ್ಲಿ ಗೆದ್ದಿತ್ತು. ಆದರೆ ಸಾಮಾನ್ಯ ಗಿರಾಕಿಗಳ ಕೈಗೆ ಅಂಥ ಕಾರು ಅಪಾಯಕಾರಿ ಎಂಬುದು ಎಂಜೊ ಫೆರಾರಿಯ ವಾದ. ಸೆರ್ಜಿಯೊ ಬಿಡದೆ ಒತ್ತಾಯಿಸಿ, 1965ರ ಪ್ಯಾರಿಸ್ ಪ್ರದರ್ಶನದಲ್ಲಿ ‘ಡೀನೊ’ ಹೆಸರಿನ ಮಾದರಿ ಕಾರನ್ನು ಇಟ್ಟ. ಹತ್ತೊಂಬತ್ತು ವರ್ಷ ಹಿಂದೆ ಹೊರಗಿನ ರಸ್ತೆಯಲ್ಲಿ ಕಾರು ನಿಲ್ಲಿಸಿಕೊಂಡಿದ್ದ ಅದೇ ಊರು! ಮುಂದೆ ಆ ಮಾದರಿ ರಸ್ತೆಗೂ ಇಳಿಯಿತು. ಅದರ ಗೆರೆ ಎಳೆದದ್ದು ಸೆರ್ಜಿಯೊ ಅಲ್ಲ, ಆಲ್ದೊ ಬ್ರೊವರೊನೆ ಎಂಬ ವಿನ್ಯಾಸಕಾರ. ಒಳ್ಳೆಯ ಕೈಗಳನ್ನು ಹುಡುಕಿ ತಂದು ಅವರಿಂದ ಕೆಲಸ ತೆಗೆಯುವುದು, ‘ಇದು ಬೇಡ, ಇದು ಸರಿ’ ಎಂದು ಆರಿಸುವುದು ಸೆರ್ಜಿಯೊನ ಪಾಲಿನ ಕೆಲಸವಾಗಿತ್ತು.

ಇನ್ನೊಂದು ಹೆಜ್ಜೆ ಇದಕ್ಕಿಂತ ಮುಖ್ಯವಾದದ್ದು. 1972ರಲ್ಲಿ ಗ್ರುಲಿಯಾಸ್ಕೊದಲ್ಲಿ ಪೂರ್ಣಗಾತ್ರದ ಕಾರನ್ನು ಪರೀಕ್ಷಿಸಬಲ್ಲ ಗಾಳಿ ಸುರಂಗ ಸಿದ್ಧವಾಯಿತು. ಇಟಲಿಯಲ್ಲಿ ಅಂಥದು ಅದೇ ಮೊದಲು. ನಿಂತ ಕಾರಿನ ಮೇಲೆ ರಭಸದ ಗಾಳಿ ಹಾಯಿಸಿ, ಯಾವ ಅಂಚಿನಲ್ಲಿ ಗಾಳಿ ತಡೆಯುತ್ತದೆ, ಎಲ್ಲಿ ಜಾರುತ್ತದೆ ಎಂದು ಅಳೆಯುವ ಯಂತ್ರವದು. ಮರುವರ್ಷವೇ ತೈಲ ಬಿಕ್ಕಟ್ಟು ಬಂತು. ಗಾಳಿಯನ್ನು ಸಲೀಸಾಗಿ ಸೀಳುವ ಕಾರು ಪೆಟ್ರೋಲನ್ನೂ ಉಳಿಸುತ್ತದಾದ್ದರಿಂದ ಅಂಥ ಪರೀಕ್ಷೆಗೆ ಬೆಲೆ ಬಂತು. ಅಪ್ಪ ಅಂಗೈಯಿಂದ ಸವರಿ ಊಹಿಸುತ್ತಿದ್ದುದಕ್ಕೆ ಮಗ ಅಂಕಿಗಳನ್ನು ಕೊಟ್ಟ.

ಮೂರನೇ ತಲೆಮಾರು

ಮನೆತನದ ಕಥೆ ಇಲ್ಲಿಗೇ ನಿಂತಿದ್ದರೆ ಸುಖಾಂತ್ಯ. ಸೆರ್ಜಿಯೊನ ಮಕ್ಕಳು ಆಂದ್ರೆಯಾ ಮತ್ತು ಪಾವೊಲೊ ಕೂಡ ಎಂಜಿನಿಯರುಗಳಾಗಿ ಸಂಸ್ಥೆ ಸೇರಿದರು. 2001ರಲ್ಲಿ ಆಂದ್ರೆಯಾ ಆಡಳಿತದ ಚುಕ್ಕಾಣಿ ಹಿಡಿದ. ಅಷ್ಟರಲ್ಲಿ ಮತ್ತೊಮ್ಮೆ ಕಾಲ ಬದಲಾಗಿತ್ತು. ದೊಡ್ಡ ಕಂಪನಿಗಳಿಗಾಗಿ ಇಡೀ ಕಾರನ್ನೇ ತಯಾರಿಸಿಕೊಡುವ ಗುತ್ತಿಗೆಗಳನ್ನು ನಂಬಿ ಸಂಸ್ಥೆ ದುಡ್ಡು ಸುರಿದಿತ್ತು. ಗುತ್ತಿಗೆ ಕಡಿಮೆಯಾದಾಗ ಸಾಲ ಉಳಿಯಿತು. ಅಪ್ಪನ ಕಾಲದಲ್ಲಿ ಸಂಸ್ಥೆಯನ್ನು ಉಳಿಸಿದ್ದ ದಾರಿಯೇ ಮೊಮ್ಮಕ್ಕಳ ಕಾಲಕ್ಕೆ ಹೊರೆಯಾಗಿತ್ತು. ಸಾಲದಿಂದ ಹೊರಬರುವ ದಾರಿ ಹುಡುಕುತ್ತಿದ್ದಾಗಲೇ, 2008ರ ಆಗಸ್ಟ್ 7ರ ಬೆಳಿಗ್ಗೆ ವೆಸ್ಪಾ ಸ್ಕೂಟರಿನಲ್ಲಿ ಹೋಗುತ್ತಿದ್ದ ಆಂದ್ರೆಯಾ ಕಾರೊಂದಕ್ಕೆ ಡಿಕ್ಕಿಯಾಗಿ ಸ್ಥಳದಲ್ಲೇ ಮೃತಪಟ್ಟ. ಆಗ ಅವನಿಗೆ ಐವತ್ತೊಂದು. ಎಂಬತ್ತು ದಾಟಿದ್ದ ಸೆರ್ಜಿಯೊ ಮಗನನ್ನು ಕಳೆದುಕೊಂಡ. ಕೆಲವೇ ದಿನಗಳಲ್ಲಿ ತಮ್ಮ ಪಾವೊಲೊ ಅಣ್ಣನ ಕುರ್ಚಿಯಲ್ಲಿ ಕುಳಿತ.

ಕಾರು ತಯಾರಿಸಿಕೊಡುವ ಕೆಲಸ ನಿಂತಿತು. ವಿನ್ಯಾಸದ ಕೆಲಸವಷ್ಟೇ ಉಳಿಯಿತು. 2012ರ ಜುಲೈನಲ್ಲಿ ಸೆರ್ಜಿಯೊ ಕಣ್ಮುಚ್ಚಿದ. 2015ರ ಡಿಸೆಂಬರ್‌ನಲ್ಲಿ ಸಂಸ್ಥೆಯ ಶೇ 76ರಷ್ಟು ಪಾಲನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡದ್ದು ಭಾರತದ ಮಹೀಂದ್ರಾ ಸಮೂಹ. ಎಂಬತ್ತೈದು ವರ್ಷ ಮನೆಯವರದೇ ಆಗಿದ್ದ ಸಂಸ್ಥೆ ಹೀಗೆ ಮನೆಯ ಕೈಬಿಟ್ಟಿತು. ಹೊಸ ಮಾಲೀಕರು ಹೆಸರನ್ನು ಬದಲಿಸಲಿಲ್ಲ. ಪಾವೊಲೊನನ್ನು ಅಧ್ಯಕ್ಷ ಸ್ಥಾನದಿಂದ ಇಳಿಸಲೂ ಇಲ್ಲ. 2024ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವವರೆಗೂ ಆತ ಅಲ್ಲೇ ಇದ್ದ.

2019ರ ಜಿನೀವಾ ಪ್ರದರ್ಶನದಲ್ಲಿ, ಮಹೀಂದ್ರಾ ಸಮೂಹ ಹುಟ್ಟುಹಾಕಿದ ‘ಆಟೊಮೊಬಿಲಿ ಪಿನಿನ್‌ಫರೀನಾ’ ಕಂಪನಿ ವಿದ್ಯುತ್ ಕಾರೊಂದನ್ನು ತೆರೆದು ತೋರಿಸಿತು. ಅದರ ಹೆಸರು ‘ಬತ್ತಿಸ್ತಾ’. 150 ಕಾರುಗಳನ್ನಷ್ಟೇ ಮಾಡುವುದಾಗಿ ಆಗಲೇ ಸಾರಲಾಯಿತು. ಬಣ್ಣ, ಚರ್ಮ, ಹೊಲಿಗೆ ಎಲ್ಲವೂ ಗಿರಾಕಿಯ ಇಚ್ಛೆಯಂತೆ. ಜೋಡಣೆ ಟ್ಯೂರಿನ್ ಸಮೀಪದ ಕಂಬಿಯಾನೊದಲ್ಲಿ, ಕೈಯಿಂದಲೇ. ಬ್ಯಾಟರಿ ಮತ್ತು ಮೋಟಾರುಗಳು ಮಾತ್ರ ಕ್ರೊಯೇಷಿಯಾದ ರಿಮಾಕ್ ಕಂಪನಿಯವು. 1930ರಲ್ಲಿ ಕೊರ್ಸೊ ತ್ರಪಾನಿಯ ಕಾರ್ಖಾನೆಗೂ ಎಂಜಿನ್ ಬರುತ್ತಿದ್ದುದು ಹೊರಗಿನಿಂದಲೇ.