ಪ್ಲಾಸ್ಟಿಕ್ಕಿಗೆ ಲೋಹದ ಹೊಳಪು: ವಿಷ ಕಡಿಮೆ ಮಾಡೋದು ಹೇಗೆ?



ಸ್ನಾನದ ಮನೆಯ ಶವರ್, ಕಾರಿನ ಮುಂದಿರುವ ಕಂಪನಿ ಗುರುತು, ಆಟದ ದಿನ ಕೊಡುವ ಕಪ್ಪು – ಇವೆಲ್ಲ ಸ್ಟೀಲಿನ ಹಾಗೆ ಫಳಫಳ ಅಂತಾವೆ. ಕೈಗೆ ತಗೊಂಡರೆ ಹಗುರ. ಒಡೆದರೆ ಒಳಗೆಲ್ಲ ಪ್ಲಾಸ್ಟಿಕ್! ಮೇಲಿನ ಹೊಳಪು ಮಾತ್ರ ನಿಜವಾದ ಲೋಹ.

ಇದನ್ನು ನಾನು ಯಾಕೆ ಬರೀತಿದ್ದೀನಿ ಅಂದ್ರೆ, ನಮ್ಮ ದೊಡ್ಡಪ್ಪನ ಮಗ ಬೆಂಗಳೂರಿನ ಒಂದು ಸಣ್ಣ ಪ್ಲೇಟಿಂಗ್ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ನಂಜನಗೂಡಿನ ದೊಡ್ಡ ಜಾತ್ರೆಗೆ ಊರಿಗೆ ಬಂದಾಗ ಅವನ ಬೆರಳ ಮೇಲೆ ಸಣ್ಣ ಸಣ್ಣ ಗುಳಿ ಬಿದ್ದ ಹುಣ್ಣು. ಮೂಗಲ್ಲಿ ಆಗಾಗ ರಕ್ತ. "ಏನಣ್ಣ ಇದು?" ಅಂದ್ರೆ "ಕೆಂಪು ನೀರಿನ ತೊಟ್ಟಿ ಹತ್ರ ನಿಲ್ಲೋರಿಗೆಲ್ಲ ಹಿಂಗೇ ಕಣೋ" ಅಂದ. ಆ ಕೆಂಪು ನೀರು ಏನು ಅಂತ ವಿಜ್ಞಾನ ಮೇಷ್ಟ್ರನ್ನು ಕೇಳಿ ತಿಳಿದುಕೊಂಡೆ.

ಪ್ಲಾಸ್ಟಿಕ್ಕಿಗೆ ಲೋಹ ಯಾಕೆ ಹಿಡಿಯಲ್ಲ?

ಮೇಷ್ಟ್ರ ಜೊತೆ ಒಂದು ಪ್ರಯೋಗ ಮಾಡಿದೆವು. ತೋಟಕ್ಕೆ ಸುಣ್ಣದ ಜೊತೆ ಕಲಸಿ ಹೊಡೆಯುವ ಮೈಲುತುತ್ತವನ್ನು ಗಾಜಿನ ಲೋಟದ ನೀರಲ್ಲಿ ಕರಗಿಸಿದೆವು. ಕಬ್ಬಿಣದ ಮೊಳೆ ಅದ್ದಿದರೆ ತಾನಾಗೇ ತಾಮ್ರ ಹತ್ತಿತು. ಪ್ಲಾಸ್ಟಿಕ್ ಸ್ಕೇಲ್ ಅದ್ದಿದರೆ ಏನೂ ಇಲ್ಲ. ಆಮೇಲೆ ಸ್ಕೇಲನ್ನು ಉಪ್ಪುಕಾಗದದಲ್ಲಿ ಉಜ್ಜಿ, ಪೆನ್ಸಿಲ್ ಕಡ್ಡಿಯ ಪುಡಿಯನ್ನು ಚೆನ್ನಾಗಿ ತಿಕ್ಕಿ, ಸೆಲ್ಲಿನ ಮೈನಸ್ ತುದಿಗೆ ಜೋಡಿಸಿದೆವು. ಪ್ಲಸ್ ತುದಿಗೆ ತಾಮ್ರದ ತಂತಿ. ತಂತಿ ತಾಗಿದ ಕಡೆಯಿಂದ ತಾಮ್ರ ನಿಧಾನವಾಗಿ ಹರಡಿತು! ಆದರೆ ಉಗುರಲ್ಲಿ ಕೆರೆದರೆ ಸಿಪ್ಪೆಯಂತೆ ಎದ್ದು ಬಂತು.

(ಎಚ್ಚರಿಕೆ: ಮೈಲುತುತ್ತ ವಿಷ, ಮೀನಿಗಂತೂ ಬಹಳ ವಿಷ. ಮೇಷ್ಟ್ರಿಲ್ಲದೆ ಮಾಡಬೇಡಿ. ಉಳಿದ ನೀರನ್ನು ಚರಂಡಿಗೆ ಚೆಲ್ಲಬೇಡಿ. ನೀಲಿ ಬಣ್ಣ ಹೋಗುವ ತನಕ ಅದರಲ್ಲಿ ಹಳೇ ಮೊಳೆಗಳನ್ನು ಹಾಕಿಡಿ.)

ಇದರಿಂದ ತಿಳಿಯೋದು ಎರಡು. ಒಂದು, ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯಲ್ಲ. ಎರಡು, ಲೋಹ ಕೂತರೂ ಅದಕ್ಕೆ ಹಿಡಿತ ಬೇಕು. ನುಣುಪಾದ ಗೋಡೆಗೆ ಗಾರೆ ನಿಲ್ಲಲ್ಲ ಅಂತ ಗಾರೆಯವರು ಮೊದಲು ಕಚ್ಚು ಹೊಡೀತಾರಲ್ಲ, ಹಾಗೆ.

ಕಾರ್ಖಾನೆಯಲ್ಲಿ ಏನು ಮಾಡ್ತಾರೆ?

ಇದಕ್ಕೆ ಹೆಚ್ಚಾಗಿ ಎಬಿಎಸ್ ಎಂಬ ಪ್ಲಾಸ್ಟಿಕ್ ಬಳಸುತ್ತಾರೆ. ಅದರೊಳಗೆ ರಬ್ಬರಿನಂಥ ಬಹಳ ಸಣ್ಣ ಕಣಗಳಿವೆ. ಬಿಸಿ ಕ್ರೋಮಿಕ್ ಆಮ್ಲ ಮತ್ತು ಗಂಧಕಾಮ್ಲದ ತೊಟ್ಟಿಯಲ್ಲಿ ಅದ್ದಿದರೆ ಮೇಲ್ಮೈಯ ರಬ್ಬರ್ ಕಣಗಳು ಕರಗಿ, ಕಣ್ಣಿಗೆ ಕಾಣದ ಗುಳಿಗಳು ಬೀಳುತ್ತವೆ. ಇದೇ ಕಚ್ಚು. ಗುಳಿಗಳಲ್ಲಿ ಪಲ್ಲೇಡಿಯಂ ಲೋಹದ ಕಣ ಕೂರಿಸಿ, ಕರೆಂಟಿಲ್ಲದೆ ನಿಕ್ಕಲ್ ಹತ್ತಿಸುತ್ತಾರೆ. ಈ ನಿಕ್ಕಲ್ ವಿಧಾನವನ್ನು 1940ರ ದಶಕದಲ್ಲಿ ಅಮೆರಿಕದ ಬ್ರೆನರ್ ಮತ್ತು ರಿಡೆಲ್ ರೂಪಿಸಿದರು. ಅಲ್ಲಿಂದ ಮುಂದೆ ಕರೆಂಟು ಹರಿಯುತ್ತದೆ. ತಾಮ್ರ, ನಿಕ್ಕಲ್, ಕೊನೆಗೆ ಕ್ರೋಮಿಯಂ. ಈ ಕೊನೆಯ ಪದರ ನಮ್ಮ ಕೂದಲಿನ ದಪ್ಪದ ನೂರನೇ ಒಂದು ಪಾಲೂ ಇರೋದಿಲ್ಲ!

ವಿಷ ಎಲ್ಲಿದೆ?

ಕ್ರೋಮಿಯಂ ನಮಗೆ ಹೊಸದಲ್ಲ. ಅದರ ಅದಿರು ನಮ್ಮ ಮೈಸೂರು ಜಿಲ್ಲೆಯ ಸಿಂಧುವಳ್ಳಿ ಕಡೆ, ಹಾಸನ ಜಿಲ್ಲೆಯ ಭೈರಾಪುರದಲ್ಲಿ ಇದೆ. ಸ್ಟೀಲ್ ತಟ್ಟೆಯಲ್ಲೂ ಕ್ರೋಮಿಯಂ ಇದೆ. ಅದಿರಿನಲ್ಲಿ ಅದು 'ಮೂರರ' ಕ್ರೋಮಿಯಂ, ಅಂದರೆ ಅದರ ವೇಲೆನ್ಸಿ ಮೂರು. ಕೆಂಪು ತೊಟ್ಟಿಯಲ್ಲಿರೋದು 'ಆರರ' ಕ್ರೋಮಿಯಂ. ಲೋಹ ಒಂದೇ, ಗುಣ ಬೇರೆ. ಆರರದ್ದು ಚರ್ಮ ಕೊರೆಯುತ್ತದೆ, ಅದರ ಹನಿ ಉಸಿರಿನ ಜೊತೆ ಹೋದರೆ ಮೂಗಿನ ನಡುಗೋಡೆ ತೂತಾಗಬಹುದು, ಶ್ವಾಸಕೋಶದ ಕ್ಯಾನ್ಸರ್ ಬರಬಹುದು.

ನಮ್ಮ ದೇಶದಲ್ಲಿ ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ಲೆಕ್ಕ ಹಾಕಿ: ಒಂದೇ ಗ್ರಾಂ ಸಾಕು, 20,000 ಲೀಟರ್ ನೀರು ಆ ಮಿತಿ ಮುಟ್ಟುತ್ತದೆ. ಬೆಂಗಳೂರಿನ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಿದೆ. ತಮಿಳುನಾಡಿನ ರಾಣಿಪೇಟೆಯಲ್ಲಿ ಕ್ರೋಮೇಟ್ ಕಾರ್ಖಾನೆ 1995ರಲ್ಲಿ ಮುಚ್ಚಿದರೂ ಅದರ ಲಕ್ಷಗಟ್ಟಲೆ ಟನ್ ಕಸ ಅಲ್ಲೇ ಗುಡ್ಡೆಯಾಗಿ ಉಳಿಯಿತು.

ಕಡಿಮೆ ವಿಷದ ದಾರಿಗಳು

1. ಮೂರರ ಕ್ರೋಮಿಯಂ: ಕೊನೆಯ ಪದರಕ್ಕೆ ಆರರ ಬದಲು ಮೂರರ ಕ್ರೋಮಿಯಂ ದ್ರಾವಣ ಬಳಸಬಹುದು. 1970ರ ದಶಕದಿಂದಲೇ ಇದು ಬಳಕೆಯಲ್ಲಿದೆ. ಬಣ್ಣ ತುಸು ಕಪ್ಪು ಛಾಯೆ ಬರಬಹುದು ಅಷ್ಟೆ.

2. ಬೇರೆ ಕಚ್ಚು: ಕೊನೆ ಪದರ ಬದಲಿಸಿದರೂ ಕಚ್ಚು ಹೊಡೆಯುವ ಕೆಂಪು ತೊಟ್ಟಿ ಹಾಗೇ ಇರುತ್ತದೆ. ಇದೇ ಕಷ್ಟದ ಭಾಗ. ಅದಕ್ಕೆ ಬದಲಾಗಿ ಪರ್ಮಾಂಗನೇಟಿನ ದ್ರಾವಣ ಬಂದಿದೆ. ಇದೂ ಹುಷಾರಾಗಿ ಬಳಸಬೇಕಾದ್ದೇ, ಆದರೆ ಆರರ ಕ್ರೋಮಿಯಂ ಇರೋದಿಲ್ಲ.

3. ನಿರ್ವಾತ ಲೇಪನ: ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಅಲ್ಯುಮಿನಿಯಂ ಕಾಯಿಸಿ ಆವಿ ಮಾಡಿದರೆ ಅದು ಪ್ಲಾಸ್ಟಿಕ್ ಮೇಲೆ ತೆಳ್ಳಗೆ ಕೂರುತ್ತದೆ. ಆಮ್ಲದ ತೊಟ್ಟಿ ಬೇಡ. ಚಿಪ್ಸ್ ಪೊಟ್ಟಣದ ಬೆಳ್ಳಿ ಬಣ್ಣ, ಹೆಡ್‌ಲೈಟಿನ ಒಳಗನ್ನಡಿ, ಅಗ್ಗದ ಸೀರೆಯ ಪ್ಲಾಸ್ಟಿಕ್ ಜರಿ ಹೀಗೆ ಆಗಿದ್ದೇ. ಬಾಳಿಕೆ ಬರಬೇಕಾದರೆ ಕೆಳಗೊಂದು, ಮೇಲೊಂದು ವಾರ್ನಿಷ್ ಬೇಕು. ಮೇಲಿನ ವಾರ್ನಿಷ್ ಗೀರಿದರೆ ಸೋಪು, ಸುಣ್ಣ ತಾಗಿ ಹೊಳಪು ಹೋಗುತ್ತದೆ. ಆದ್ದರಿಂದ ಕಪ್ಪು, ಆಟಿಕೆಗೆ ಇದೇ ಸಾಕು. ದಿನಾ ತಿಕ್ಕಿ ತೊಳೆಯುವ ಶವರಿಗೆ ಮೊದಲಿನ ಎರಡು ದಾರಿ ಒಳ್ಳೆಯದು.

ಕೆಂಪು ತೊಟ್ಟಿ ಇನ್ನೂ ಇರುವ ಕಡೆ ಅದರ ನೀರನ್ನು ಹಾಗೇ ಬಿಡಕೂಡದು. ಆಮ್ಲದ ಜೊತೆ ಅನ್ನಭೇದಿ ಹಾಕಿದರೆ ಆರರದ್ದು ಮೂರರದ್ದಾಗುತ್ತದೆ. ಆಮೇಲೆ ಸುಣ್ಣ ಹಾಕಿದರೆ ಕೆಸರಾಗಿ ತಳಕ್ಕೆ ಕೂರುತ್ತದೆ. ಆ ಕೆಸರನ್ನೂ ಕಂಡ ಕಂಡಲ್ಲಿ ಸುರಿಯುವಂತಿಲ್ಲ.

ನಿಮಗೆ ಗೊತ್ತೆ? ಯೂರೋಪಿನ ಒಕ್ಕೂಟದ ದೇಶಗಳಲ್ಲಿ 2017ರ ಸೆಪ್ಟೆಂಬರ್ 21ರಿಂದ, ವಿಶೇಷ ಅನುಮತಿಗೆ ಅರ್ಜಿ ಹಾಕದೆ ಕ್ರೋಮಿಕ್ ಆಮ್ಲದ ಮೂಲವಸ್ತುವನ್ನು ಬಳಸುವಂತಿಲ್ಲ ಅಂತ ನಿಯಮ ಬಂತು.

ನಂಜನಗೂಡಿನಲ್ಲೂ ಕಾರ್ಖಾನೆಗಳಿವೆ. ನಮ್ಮ ಕಪಿಲೆ ಅಲ್ಲಿಂದ ಹರಿದು ತಿರುಮಕೂಡಲಲ್ಲಿ ಕಾವೇರಿ ಸೇರುತ್ತಾಳೆ. ನಾಳೆ ನಮ್ಮಲ್ಲೂ ಕೆಲವರು ಐಟಿಐ ಮುಗಿಸಿ ಇಂಥ ಕೆಲಸಕ್ಕೆ ಹೋಗ್ತೀವಿ. ಹೋದಾಗ ಸಂಬಳ ಎಷ್ಟು ಅಂತ ಕೇಳೋದರ ಜೊತೆಗೆ ಮೂರು ಮಾತು ಕೇಳಿ: ತೊಟ್ಟಿಯಲ್ಲಿ ಇರೋದು ಮೂರರದ್ದೋ ಆರರದ್ದೋ? ಹೊಗೆ ಎಳೆಯುವ ಫ್ಯಾನು, ಕೈಗವಸು ಇದೆಯೋ? ನೀರು ಎಲ್ಲಿಗೆ ಹೋಗ್ತದೆ?

ನಮ್ಮಣ್ಣ ಇದನ್ನು ಕೇಳಿರಲಿಲ್ಲ. ಈಗ ಆ ಕೆಲಸ ಬಿಟ್ಟಿದ್ದಾನೆ. ಬೆರಳಿನ ಹುಣ್ಣು ಮಾಯ್ದಿದೆ, ಗುಳಿಯ ಗುರುತು ಹಾಗೇ ಇದೆ.

– 10ನೇ ತರಗತಿಯ ಒಬ್ಬ ವಿದ್ಯಾರ್ಥಿ, ಬಿಳಿಗೆರೆ