ನೆತ್ತರುಗೊಡಗೆಯೂ ಪರಿಹಾರಧನವೂ

ಭಯೋತ್ಪಾದಕರ ಕೃತ್ಯದಿಂದ ಮಡಿದವನ ಕುಟುಂಬಕ್ಕೆ ಸರಕಾರವು ಕೊಡುವ ಹಣವು ದಾನವೋ ಋಣವೋ ಎಂಬ ಪ್ರಶ್ನೆಯು ನ್ಯಾಯಶಾಸ್ತ್ರದಲ್ಲಿ ಹೊಸದಾಗಿ ತೋರಬಹುದು. ಆದರೆ ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ಇದು ಹೊಸದಲ್ಲ. ತುರುಗೋಳ್, ಊರಳಿವು, ಪೆಣ್ಬುಯ್ಯಲ್ ಮುಂತಾದ ಸಂದರ್ಭಗಳಲ್ಲಿ ಕಾದಿ ಮಡಿದವನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಡುವ ಪದ್ಧತಿಯು ನಮ್ಮಲ್ಲಿ ಬಹುಕಾಲದಿಂದ ಇದ್ದಿತು. ಆ ಭೂಮಿಗೆ ನೆತ್ತರುಗೊಡಗೆ, ರಕ್ತಗೊಡಗೆ ಎಂದು ಹೆಸರು. ಬೆಂಗಳೂರಿನ ಬಳಿಯ ಬೇಗೂರಿನ ಪ್ರಸಿದ್ಧ ವೀರಗಲ್ಲು 9ನೆಯ ಶತಮಾನದ ಕೊನೆಯ ಭಾಗದ್ದು. ಅದರಲ್ಲಿ ನಾಗತ್ತರನು ಯುದ್ಧದಲ್ಲಿ ಬಿದ್ದ ಮೇಲೆ ಎರೆಯಪ್ಪರಸನು ಇರುಗನಿಗೆ ನಾಗತ್ತರ ಪದವಿಯನ್ನೂ ಬೆಂಪೂರು ಹನ್ನೆರಡನ್ನೂ ಕೊಟ್ಟ ಸಂಗತಿಯು ಬರೆಯಲ್ಪಟ್ಟಿದೆ. ಮಡಿದವನು ಮಾಡುತ್ತಿದ್ದ ಕೆಲಸ, ಅವನಿಂದ ಬರುತ್ತಿದ್ದ ಜೀವನ, ಇವೆರಡೂ ನಿಲ್ಲದಂತೆ ನೋಡಿಕೊಳ್ಳುವುದೇ ಇಲ್ಲಿಯ ಉದ್ದೇಶವೆಂಬುದು ಸ್ಪಷ್ಟ.

ಈ ಪದ್ಧತಿಯನ್ನು ಅತಿಯಾಗಿ ಹೊಗಳುವುದೂ ಸಲ್ಲದು. ಕೊಡಗೆಯು ಕಾದಿದವನಿಗೆ ಸಲ್ಲುತ್ತಿತ್ತೇ ಹೊರತು ಓಡಿಹೋಗುವಾಗ ಕೊಲೆಯಾದ ನೇಕಾರನಿಗಾಗಲಿ, ಬೆಂಕಿಯಲ್ಲಿ ಬೆಂದ ಮುದುಕಿಗಾಗಲಿ ಸಲ್ಲುತ್ತಿರಲಿಲ್ಲ. ಅವರಿಗೆ ಕಲ್ಲೂ ಇಲ್ಲ, ಭೂಮಿಯೂ ಇಲ್ಲ. ಆದರೂ ಅದರಲ್ಲಿದ್ದ ಎರಡು ಗುಣಗಳನ್ನು ನಾವು ಗಮನಿಸತಕ್ಕದ್ದು. ಒಂದು, ಕೊಟ್ಟದ್ದು ಒಮ್ಮೆ ಖರ್ಚಾಗಿ ಹೋಗುವ ಗಂಟಲ್ಲ, ವರ್ಷವರ್ಷವೂ ಬೆಳೆಯುವ ನೆಲ. ಇನ್ನೊಂದು, ಕೊಟ್ಟ ಕಾರಣವನ್ನು ಎಲ್ಲರಿಗೂ ಕಾಣುವಂತೆ ಕಲ್ಲಿನಲ್ಲಿ ಬರೆಯುತ್ತಿದ್ದರು. ಅಧಿಕಾರಿಯ ಮನಸ್ಸು ಬದಲಾದರೂ ಬರೆದ ಕಾರಣವು ಬದಲಾಗುತ್ತಿರಲಿಲ್ಲ.

ಬ್ರಿಟಿಷರ ಕಾಲಕ್ಕೆ ಈ ಭರವಸೆಯು ಮುರಿದುಬಿತ್ತು. 1852ರ 11ನೆಯ ಕಾಯದೆಯಂತೆ ನಡೆದ ಇನಾಂ ಆಯೋಗವು ದಕ್ಷಿಣ ಮಹಾರಾಷ್ಟ್ರವೆಂದು ಆಗ ಕರೆಯಲಾಗುತ್ತಿದ್ದ ನಮ್ಮ ಸೀಮೆಯಲ್ಲಿ ಮನೆಮನೆಯ ಸನದುಗಳನ್ನು ಕೇಳಿತು. ಕಾಗದ ತೋರಿಸಲಾರದವರ ಇನಾಮುಗಳು ಸರಕಾರಕ್ಕೆ ಸೇರಿದವು. ತಲೆಮಾರುಗಳ ಹಿಂದೆ ಅಜ್ಜನೊಬ್ಬನ ಪ್ರಾಣಕ್ಕೆ ಬದಲಾಗಿ ಬಂದ ನೆಲಕ್ಕೆ ಕಾಗದವೆಲ್ಲಿಂದ ಬರಬೇಕು? 1858ರಲ್ಲಿ ನರಗುಂದದ ಅರಸನ ದಂಗೆಯ ಕಾಲಕ್ಕೆ ರಾಮದುರ್ಗದ ಬಳಿಯ ಸುರೇಬಾನದಲ್ಲಿ ಹತನಾದ ರಾಜಕೀಯ ಪ್ರತಿನಿಧಿ ಮ್ಯಾನ್ಸನ್ನನು ಮೊದಲು ಇನಾಂ ಆಯೋಗದ ಕೆಲಸದಲ್ಲಿಯೂ ಇದ್ದವನೆಂಬುದನ್ನು ಇಲ್ಲಿ ನೆನೆಯಬಹುದು.

ಸುರೇಬಾನದ ಮಾತು ಬಂದುದರಿಂದ ಇನ್ನೊಂದು ವಿಷಯವನ್ನು ಹೇಳಲೇಬೇಕಾಗಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಕೃತ್ಯಗಳ ಹೆಸರು ಕಾಲಕ್ಕೆ ತಕ್ಕಂತೆ ಬದಲಾಗುತ್ತ ಬಂದಿದೆ. 1824ರಲ್ಲಿ ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆಯು ಬಿದ್ದುದನ್ನು ಕಂಪನಿಯು ಬಂಡಾಯವೆಂದಿತು, ನಾವು ಸ್ವಾತಂತ್ರ್ಯಸಮರವೆನ್ನುತ್ತೇವೆ. ಕಚೇರಿಗಳನ್ನು ಸುಟ್ಟು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನು ಆಗಿನ ಸರಕಾರದ ದೃಷ್ಟಿಯಲ್ಲಿ ದಂಗೆಕೋರ. ಇಂದು ಅವನ ಮೂರ್ತಿಯಿಲ್ಲದ ಪಟ್ಟಣವು ಈ ಭಾಗದಲ್ಲಿ ವಿರಳ. 1939ರ ಏಪ್ರಿಲಿನಲ್ಲಿ ರಾಮದುರ್ಗ ಸಂಸ್ಥಾನದಲ್ಲಿ ಜನರು ಸೆರೆಮನೆಯನ್ನು ಒಡೆದಾಗ ಪೋಲೀಸರು ಕೊಲ್ಲಲ್ಪಟ್ಟರು. ಆಮೇಲೆ ಚಳವಳಿಗಾರರಿಗೆ ಕಠೋರ ಶಿಕ್ಷೆಗಳಾದವು. ಈ ಘಟನೆಗಳನ್ನು ಇಂದಿನ ಭಯೋತ್ಪಾದನೆಯೊಡನೆ ಒಂದೇ ತಕ್ಕಡಿಯಲ್ಲಿ ತೂಗುವುದು ನಮ್ಮ ಅಭಿಪ್ರಾಯವಲ್ಲ. ನಿರಾಯುಧರಾದ ಪ್ರವಾಸಿಗಳನ್ನು ಗುಂಡಿಟ್ಟು ಕೊಲ್ಲುವುದಕ್ಕೂ ಇವುಗಳಿಗೂ ಅಂತರವುಂಟು. ನಾವು ಹೇಳುವುದಿಷ್ಟೇ: ಕೊಂದವನ ಉದ್ದೇಶಕ್ಕೆ ಇತಿಹಾಸವು ಯಾವ ಹೆಸರನ್ನು ಕೊಟ್ಟರೂ ಸತ್ತ ಕಾವಲಿನವನ ಹೆಂಡತಿಯ ಒಲೆಗೆ ಅದರಿಂದ ವ್ಯತ್ಯಾಸವಾಗದು. ಪರಿಹಾರದ ಹಕ್ಕನ್ನು ಕೃತ್ಯದ ಹೆಸರಿಗೆ ಕಟ್ಟಿಹಾಕಿದರೆ ಆ ಹೆಸರು ನಿಶ್ಚಯವಾಗುವವರೆಗೆ ಮನೆಯವರು ಕಾಯಬೇಕಾಗುತ್ತದೆ.

ಈಗಿನ ವ್ಯವಸ್ಥೆಯಲ್ಲಿ ಆಗಿರುವುದು ಇದೇ. ಕೇಂದ್ರ ಸರಕಾರದ ಗೃಹಖಾತೆಯ ಸಹಾಯಯೋಜನೆಯೊಂದು 2008ರ ಏಪ್ರಿಲ್ 1ರಿಂದ ಜಾರಿಯಲ್ಲಿ ಬಂದಿತು. ಭಯೋತ್ಪಾದನೆ, ಕೋಮುಗಲಭೆ ಮತ್ತು ನಕ್ಸಲ ಹಿಂಸೆಗಳಲ್ಲಿ ಮಡಿದ ನಾಗರಿಕರ ಕುಟುಂಬಕ್ಕೆ ಮೊದಲು 3 ಲಕ್ಷ ರೂಪಾಯಿ ಗೊತ್ತಾಗಿತ್ತು. 2016ರಲ್ಲಿ ಅದು 5 ಲಕ್ಷವಾಯಿತು, ಗಡಿಯಾಚೆಯ ಗುಂಡಿನ ದಾಳಿಗೆ ಸಿಕ್ಕವರನ್ನೂ ಅದರಲ್ಲಿ ಸೇರಿಸಲಾಯಿತು. ಫಲಾನುಭವಿಗಳನ್ನು ಗುರುತಿಸುವ ಭಾರವು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸಮಿತಿಯದು. ಹಣವನ್ನು ಬ್ಯಾಂಕಿನಲ್ಲಿ ಮುದ್ದತು ಠೇವಣಿಯಾಗಿಟ್ಟು ಬಡ್ಡಿಯನ್ನು ಕುಟುಂಬಕ್ಕೆ ಸಲ್ಲಿಸುವ ಏರ್ಪಾಡನ್ನು ಯೋಜನೆಯಲ್ಲಿ ಮಾಡಲಾಗಿತ್ತು. ನೆಲದ ಬೆಳೆಯ ಬದಲು ಬಡ್ಡಿಯ ಬೆಳೆ ಎನ್ನಬಹುದು. ಶೇಕಡಾ 6ರ ಬಡ್ಡಿಯೆಂದು ಹಿಡಿದರೆ 5 ಲಕ್ಷಕ್ಕೆ ತಿಂಗಳಿಗೆ 2,500 ರೂಪಾಯಿ.

ಇಷ್ಟು ಹಣವು ನ್ಯಾಯವಾದುದೇ ಎಂಬುದನ್ನು ಅಳೆಯಲು ನಮ್ಮ ಕಾನೂನಿನಲ್ಲಿಯೇ ಒಂದು ಕೋಲಿದೆ. ಅದು ಮೋಟಾರು ಅಪಘಾತದ ದಾವೆಗಳಲ್ಲಿ ಬಳಕೆಯಾಗುವ ಗುಣಕದ ಪದ್ಧತಿ. 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ಪ್ರಕರಣಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಸ್ಥಿರಪಡಿಸಿತು. ಉದಾಹರಣೆಗೆ ಸವದತ್ತಿ ತಾಲೂಕಿನ ಒಬ್ಬ ರೈತನನ್ನು ಕಲ್ಪಿಸಿಕೊಳ್ಳೋಣ. ವಯಸ್ಸು 35, ತಿಂಗಳ ಉತ್ಪನ್ನ 15,000 ರೂಪಾಯಿ, ಅವನನ್ನು ನಂಬಿದವರು ಹೆಂಡತಿ, ಇಬ್ಬರು ಮಕ್ಕಳು, ತಾಯಿ, ಹೀಗೆ ನಾಲ್ವರು. ವರ್ಷದ ಉತ್ಪನ್ನ 1,80,000. ಸ್ವಂತ ಉದ್ಯೋಗದವನಾಗಿ ನಲವತ್ತರೊಳಗಿನವನಾದುದರಿಂದ ಮುಂದಿನ ಏಳಿಗೆಗೆಂದು ಶೇಕಡಾ 40 ಸೇರಿಸಿದರೆ 2,52,000. ಅವನ ಸ್ವಂತ ವೆಚ್ಚಕ್ಕೆಂದು ನಾಲ್ಕನೆಯ ಒಂದು ಪಾಲನ್ನು ಕಳೆದರೆ 1,89,000. ಈ ವಯಸ್ಸಿಗೆ ಗುಣಕವು 16. ಒಟ್ಟು 30,24,000 ರೂಪಾಯಿ. ಅಂತ್ಯಕ್ರಿಯೆ ಮುಂತಾದವುಗಳ ಬಾಬು ಬೇರೆ. ಅದೇ ರೈತನು ಲಾರಿಯ ಕೆಳಗೆ ಸಿಕ್ಕಿ ಸತ್ತರೆ ಅವನ ಮನೆಯವರು 30 ಲಕ್ಷವನ್ನು ಹಕ್ಕಿನಿಂದ ಕೇಳಬಹುದು. ಬಾಂಬಿಗೆ ಸಿಕ್ಕಿ ಸತ್ತರೆ ಕೇಂದ್ರದ ಯೋಜನೆಯಿಂದ 5 ಲಕ್ಷ. ಲಾರಿಗೆ ವಿಮೆಯುಂಟು, ಬಾಂಬಿಗಿಲ್ಲ ಎಂಬುದು ಇದಕ್ಕೆ ವಕೀಲರು ಕೊಡುವ ಸಮಾಧಾನ. ಕಾರಣವಾಗಿ ಅದು ಸರಿ, ನ್ಯಾಯವಾಗಿ ಅಲ್ಲ.

ಇನ್ನೊಂದು ವಿಷಮತೆಯು ಗಡಿಸೀಮೆಯವರಾದ ನಮಗೆ ಹತ್ತಿರದ್ದು. 2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮದಲ್ಲಿ 26 ಜನರನ್ನು ಕೊಲ್ಲಲಾಯಿತು. ಅವರಲ್ಲಿ ಕರ್ನಾಟಕದವರೂ ಮಹಾರಾಷ್ಟ್ರದವರೂ ಇದ್ದರು. ಕರ್ನಾಟಕ ಸರಕಾರವು ತನ್ನವರ ಕುಟುಂಬಗಳಿಗೆ ತಲಾ 10 ಲಕ್ಷವನ್ನು ಘೋಷಿಸಿತು, ಮಹಾರಾಷ್ಟ್ರ ಸರಕಾರವು ತಲಾ 50 ಲಕ್ಷವನ್ನು. ಒಂದೇ ಹುಲ್ಲುಗಾವಲಿನಲ್ಲಿ ಒಂದೇ ಹೊತ್ತಿನಲ್ಲಿ ಬಿದ್ದವರ ಬೆಲೆಯು ಬೆಳಗಾವಿಯ ಆಚೆಗೊಂದು, ಈಚೆಗೊಂದು ಆಯಿತು. ಹೆಚ್ಚು ಕೊಟ್ಟವರನ್ನು ನಾವು ದೂರುವುದಿಲ್ಲ. ಆದರೆ ಮೊತ್ತವು ಆಯಾ ಮಂತ್ರಿಮಂಡಲದ ಔದಾರ್ಯವನ್ನೂ ವರ್ತಮಾನಪತ್ರಗಳ ಗದ್ದಲವನ್ನೂ ಅವಲಂಬಿಸಿದರೆ ಅದಕ್ಕೆ ಅನುಗ್ರಹಧನವೆಂಬ ಹೆಸರೇ ತಕ್ಕುದು. ಗದ್ದಲವಾಗದ ಸಾವಿಗೆ ಗತಿಯೇನು?

ಹಾಗಾದರೆ ಆದಾಯಕ್ಕೆ ತಕ್ಕಂತೆ ಅಳೆದು ಕೊಡುವುದೇ ಸರಿಯೇ? ಅಮೇರಿಕೆಯವರು ಇದನ್ನು ಪ್ರಯೋಗಿಸಿ ನೋಡಿದರು. 2001ರ ಸೆಪ್ಟೆಂಬರ್ 11ರ ದಾಳಿಯ ತರುವಾಯ ಸ್ಥಾಪಿತವಾದ ನಿಧಿಯು ಮೃತನ ಗಳಿಕೆಯನ್ನು ಲೆಕ್ಕಹಾಕಿ ಕೊಟ್ಟಿತು. ಸರಾಸರಿ ಒಂದು ಕುಟುಂಬಕ್ಕೆ ಸುಮಾರು 20 ಲಕ್ಷ ಡಾಲರು. ಆದರೆ ದೊಡ್ಡ ಸಂಬಳದವನ ಮನೆಗೂ ಪಾತ್ರೆ ತೊಳೆಯುವವನ ಮನೆಗೂ ಅಜಗಜಾಂತರ. ನಿಧಿಯನ್ನು ನಡೆಸಿದ ಕೆನೆತ್ ಫೈನ್‌ಬರ್ಗ್ ಎಂಬ ನ್ಯಾಯವಾದಿಯೇ ಮುಂದೆ, ಇಂತಹ ನಿಧಿಯಲ್ಲಿ ಎಲ್ಲರಿಗೂ ಸಮಾನವಾಗಿ ಕೊಡಬೇಕೆಂಬ ಅಭಿಪ್ರಾಯಕ್ಕೆ ಬಂದನು. ಇಸ್ರೇಲಿನಲ್ಲಿ 1970ರ ಕಾಯದೆಯು ಮಾಸಾಶನದ ಮಾರ್ಗವನ್ನು ಹಿಡಿಯಿತು. ನಮ್ಮ ಮಟ್ಟಿಗೆ ಈ ಎರಡನೆಯದೇ ಹೆಚ್ಚು ಒಪ್ಪಿಗೆಯಾಗುತ್ತದೆ: ದುಃಖದ ಬಾಬು ಎಲ್ಲರಿಗೂ ಒಂದೇ ಇರಲಿ, ಅದರ ಮೇಲೆ ಅವಲಂಬಿತರ ಸಂಖ್ಯೆಯನ್ನು ನೋಡಿ ತಿಂಗಳ ವೇತನವಿರಲಿ, ಅದು ಬೆಲೆಯೇರಿಕೆಯೊಡನೆ ಏರುತ್ತಿರಲಿ. ನೆತ್ತರುಗೊಡಗೆಯ ನೆಲಕ್ಕೆ ಈ ಕೊನೆಯ ಗುಣವು ತಾನಾಗಿಯೇ ಇತ್ತು. ಜೋಳದ ಧಾರಣೆ ಏರಿದರೆ ಕೊಡಗೆಯ ಬೆಲೆಯೂ ಏರುತ್ತಿತ್ತು. 2016ರ 5 ಲಕ್ಷವಾದರೋ ಅಂಥ ಸೂಚ್ಯಂಕಕ್ಕೆ ಕಟ್ಟಿದ್ದಲ್ಲ.

ಸರಕಾರವು ಕೊಲ್ಲಲಿಲ್ಲವಲ್ಲ, ಅದೇಕೆ ಕೊಡಬೇಕು ಎಂಬ ಆಕ್ಷೇಪವು ಉಳಿದಿದೆ. ತನ್ನ ನೌಕರರ ತಪ್ಪಿಗೂ ರಾಜ್ಯವು ಹೊಣೆಯಲ್ಲವೆಂದು 1965ರ ಕಸ್ತೂರಿಲಾಲ್ ಪ್ರಕರಣದಲ್ಲಿ ತೀರ್ಪಾಗಿತ್ತು. 1983ರ ರುದುಲ್ ಶಾಹ, 1993ರ ನೀಲಾಬತಿ ಬೆಹೆರಾ ಪ್ರಕರಣಗಳಲ್ಲಿ ಮೂಲಭೂತ ಹಕ್ಕಿನ ಭಂಗಕ್ಕೆ ರಾಜ್ಯವು ಪರಿಹಾರ ಕೊಡತಕ್ಕದ್ದೆಂದು ನ್ಯಾಯಾಲಯವು ಹೇಳಿತು. ಅಪರಾಧಿಯು ಖಾಸಗಿಯವನಾದಾಗಲೂ ಹೊಣೆಯುಂಟೆಂಬ ತತ್ತ್ವವು ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿಸಲಾದ 357-ಎ ಕಲಮಿನಿಂದ ಬಂದಿತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೆಯ ಕಲಮು ಇದೆ. ಜನರ ಕೈಯಿಂದ ಆಯುಧವನ್ನು ತೆಗೆದುಕೊಂಡು ರಕ್ಷಣೆಯನ್ನು ತಾನೇ ವಹಿಸಿಕೊಂಡ ರಾಜ್ಯವು ರಕ್ಷಣೆ ತಪ್ಪಿದಲ್ಲಿ ನಷ್ಟದ ಪಾಲನ್ನು ಹೊರಬೇಕೆಂಬುದೇ ಇದರ ಮೂಲ.

ಈ ಕಲಮಿನ ಮಹತ್ತ್ವವು ನಮ್ಮ ಕಾಲೇಜುಗಳಲ್ಲಿಯೂ ಸಾಕಷ್ಟು ತಿಳಿದಂತಿಲ್ಲ. ಅಪರಾಧಿಯು ಸಿಕ್ಕದಿದ್ದರೂ, ವಿಚಾರಣೆ ನಡೆಯದಿದ್ದರೂ ಬಲಿಯಾದವನ ಆಶ್ರಿತರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಕೃತ್ಯವು ಭಯೋತ್ಪಾದನೆಯೆಂದು ಸಮಿತಿಯು ನಿರ್ಣಯಿಸುವವರೆಗೆ ಕಾಯಬೇಕಾದುದಿಲ್ಲ, ಅಪರಾಧದಿಂದ ಹಾನಿಯಾಯಿತೆಂಬುದಿಷ್ಟೇ ಸಾಕು. ಜಿಲ್ಲಾಧಿಕಾರಿಯ ಸಮಿತಿಯ ಮುಂದಿನ ಅರ್ಜಿಯು ಬೇರೆ, ಇದು ಬೇರೆ. ರಾಮದುರ್ಗದಿಂದ ಬೆಳಗಾವಿಗೆ ನೂರು ಕಿಲೋಮೀಟರಿನಷ್ಟು ದಾರಿ. ಪ್ರಥಮ ವರ್ತಮಾನ ವರದಿ, ಮರಣೋತ್ತರ ಪರೀಕ್ಷೆಯ ವರದಿ, ಮರಣದ ದಾಖಲೆ, ಇವುಗಳ ಪ್ರತಿಗಳನ್ನು ಮೊದಲೇ ಕೂಡಿಸಿಕೊಂಡು ಹೊರಟರೆ ವಿಧವೆಗೆ ಎರಡನೆಯ ಸಲದ ಪ್ರಯಾಣವು ತಪ್ಪೀತು. ತಾಲೂಕು ಕಾನೂನು ಸೇವಾ ಸಮಿತಿಗಳಲ್ಲಿ ಅರ್ಜಿ ಬರೆದುಕೊಡುವವರು ಸಿಕ್ಕುತ್ತಾರೆ, ಅದಕ್ಕೆ ಶುಲ್ಕವಿಲ್ಲ.