ಪಾರ್ಕಿನ್ಸನ್ ಇರುವ ಹಿರಿಯರ ಊಟದ ತಟ್ಟೆ

ನಮ್ಮ ತಂದೆಯವರು ಸುಬಹ್ ನಮಾಝ್ ಮುಗಿಸಿ ಮನೆಗೆ ಬರುವಷ್ಟರಲ್ಲಿ ಉಮ್ಮ ಒಂದು ದೊಡ್ಡ ಲೋಟ ಹಾಲು, ಬೇಯಿಸಿದ ಎರಡು ಮೊಟ್ಟೆ, ಅದರ ಪಕ್ಕದಲ್ಲೇ ಗುಳಿಗೆ ಇಟ್ಟಿರುತ್ತಿದ್ದರು. ಕಾಯಿಲೆಯವರಿಗೆ ಶಕ್ತಿ ಬರಲಿ ಎಂಬ ಕಾಳಜಿ. ಎರಡು ವರ್ಷ ಹೀಗೇ ನಡೆಯಿತು. ಗುಳಿಗೆ ನುಂಗಿ ಒಂದೂವರೆ ಗಂಟೆ ಕಳೆದರೂ ಕೈ ನಡುಕ ನಿಲ್ಲುತ್ತಿರಲಿಲ್ಲ, ಕಾಲು ನೆಲಕ್ಕೆ ಅಂಟಿಕೊಂಡಂತೆ ಇರುತ್ತಿತ್ತು. ಔಷಧಿಯ ಪ್ರಮಾಣ ಸಾಲದು ಎಂದು ನಾವು ತಿಳಿದೆವು. ವೈದ್ಯರ ಬಳಿ ಹೋದಾಗ ಅವರು ಮೊದಲು ಕೇಳಿದ್ದು ಪ್ರಮಾಣದ ವಿಷಯವನ್ನಲ್ಲ. “ಗುಳಿಗೆಯನ್ನು ಯಾವುದರ ಜೊತೆ ಕೊಡುತ್ತೀರಿ?” ಎಂದು ಕೇಳಿದರು.

ಶರೀರವು ಅಲ್ಲಾಹನು ನಮ್ಮ ಕೈಗೆ ಕೊಟ್ಟ ಅಮಾನತ್ ಎಂಬ ಮಾತನ್ನು ಜುಮಾ ಖುತ್ಬಾಗಳಲ್ಲಿ ನಾವು ಎಷ್ಟೋ ಸಲ ಕೇಳಿದ್ದೇವೆ. ಆ ಅಮಾನತನ್ನು ಅಡುಗೆಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕೆಂಬುದನ್ನು ಮಾತ್ರ ತಪ್ಪು ಮಾಡಿಯೇ ಕಲಿಯಬೇಕಾಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಮಸೀದಿಯಲ್ಲೇ ಕುರ್ಚಿಯ ಮೇಲೆ ಕುಳಿತು ನಮಾಝ್ ಮಾಡುವ, ನಡುಗುವ ಕೈಯನ್ನು ಶಾಲಿನೊಳಗೆ ಮುಚ್ಚಿಟ್ಟುಕೊಳ್ಳುವ ಹಿರಿಯರು ಇನ್ನೂ ಇದ್ದಾರೆ.

ಇಂಗ್ಲೆಂಡಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯ ಬಗ್ಗೆ ವಿವರವಾಗಿ ಬರೆದರು. ಹೆಸರು ಬಂದದ್ದು ಅವರಿಂದ. ನಮ್ಮಲ್ಲಿ ಹಳೆಯ ಕಾಲದ ವೈದ್ಯರು ಇದನ್ನು ಕಂಪವಾತ ಎನ್ನುತ್ತಿದ್ದರು. ಮಿದುಳಿನ ಒಂದು ಭಾಗದಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ಮೆಲ್ಲಮೆಲ್ಲನೆ ನಾಶವಾಗುತ್ತವೆ. ಕೈಕಾಲುಗಳ ಚಲನೆಗೆ ಆ ಡೋಪಮೈನ್ ಬೇಕು. ಆದ್ದರಿಂದ ನಡುಕ, ಬಿಗಿತ, ನಿಧಾನಗತಿ. ಇದಕ್ಕೆ ಕೊಡುವ ಮುಖ್ಯ ಔಷಧಿ ಲೆವೊಡೋಪಾ. ಅದು ಮಿದುಳಿಗೆ ತಲುಪಿ ಅಲ್ಲಿ ಡೋಪಮೈನ್ ಆಗಿ ಬದಲಾಗುತ್ತದೆ. ದಾರಿಯಲ್ಲೇ ಬದಲಾಗಿ ಹಾಳಾಗದಿರಲಿ ಎಂದು ಕಾರ್ಬಿಡೋಪಾ ಎಂಬ ಇನ್ನೊಂದು ಔಷಧಿಯನ್ನು ಅದೇ ಗುಳಿಗೆಯಲ್ಲಿ ಸೇರಿಸಿರುತ್ತಾರೆ.

ಮೊಟ್ಟೆ, ಹಾಲಿನ ತೊಡಕು ಇರುವುದು ಇಲ್ಲೇ. ನಾವು ತಿನ್ನುವ ಮೊಟ್ಟೆ, ಮೀನು, ಮಾಂಸ, ಬೇಳೆಯಲ್ಲಿರುವ ಪ್ರೋಟೀನ್ ಹೊಟ್ಟೆಯಲ್ಲಿ ಅಮೈನೋ ಆಮ್ಲಗಳಾಗಿ ಒಡೆಯುತ್ತದೆ. ಸಣ್ಣ ಕರುಳಿನಿಂದ ರಕ್ತಕ್ಕೂ, ರಕ್ತದಿಂದ ಮಿದುಳಿಗೂ ಇವು ದಾಟುವ ಬಾಗಿಲು ಮತ್ತು ಲೆವೊಡೋಪಾ ದಾಟುವ ಬಾಗಿಲು ಒಂದೇ. ಬಸ್ಸಿನ ಬಾಗಿಲಲ್ಲಿ ಜನ ತುಂಬಿಕೊಂಡಿದ್ದರೆ ಆಮೇಲೆ ಬಂದವರು ಸ್ಟಾಪಿನಲ್ಲೇ ಉಳಿಯುತ್ತಾರಲ್ಲ, ನಮ್ಮ ತಂದೆಯವರ ಗುಳಿಗೆಯ ಗತಿಯೂ ಅದೇ ಆಗಿತ್ತು. ವೈದ್ಯರು ಹೇಳಿದ ಬದಲಾವಣೆ ಇಷ್ಟೇ: ಗುಳಿಗೆಯನ್ನು ಊಟಕ್ಕಿಂತ ಸುಮಾರು ಅರ್ಧ ಗಂಟೆ ಮೊದಲು, ಇಲ್ಲವೇ ಊಟವಾಗಿ ಒಂದು ಗಂಟೆಯ ನಂತರ, ನೀರಿನಲ್ಲಿ ನುಂಗಬೇಕು. ಖಾಲಿ ಹೊಟ್ಟೆಗೆ ವಾಕರಿಕೆ ಬಂದರೆ ಒಂದು ಬಿಸ್ಕತ್ತು ಅಥವಾ ಸಣ್ಣ ಬಾಳೆಹಣ್ಣು ಸಾಕು. ರಕ್ತಹೀನತೆಗೆ ಕಬ್ಬಿಣಾಂಶದ ಗುಳಿಗೆ ತೆಗೆದುಕೊಳ್ಳುವವರು ಅದನ್ನೂ ಎರಡು ಗಂಟೆಯಾದರೂ ದೂರವಿಡಬೇಕು, ಏಕೆಂದರೆ ಕಬ್ಬಿಣವು ಲೆವೊಡೋಪಾವನ್ನು ಕಟ್ಟಿಹಾಕುತ್ತದೆ.

ಇದನ್ನು ಕೇಳಿದ ನಮ್ಮ ಒಬ್ಬ ಸಂಬಂಧಿಕರು ತಮ್ಮ ಮನೆಯ ಹಿರಿಯರಿಗೆ ಮೀನು, ಮೊಟ್ಟೆ ಎಲ್ಲವನ್ನೂ ನಿಲ್ಲಿಸಿಬಿಟ್ಟರು. ಅದು ಇನ್ನೂ ದೊಡ್ಡ ತಪ್ಪು. ಸ್ನಾಯು ಉಳಿಯುವುದಕ್ಕೂ, ರೋಗದೊಂದಿಗೆ ಹೋರಾಡುವ ಕಣಗಳು ತಯಾರಾಗುವುದಕ್ಕೂ ಪ್ರೋಟೀನ್ ಬೇಕೇ ಬೇಕು. ಬದಲಿಸಬೇಕಾದದ್ದು ಹೊತ್ತನ್ನು ಮಾತ್ರ. ಕಾಯಿಲೆ ಹಳೆಯದಾಗಿ, ಗುಳಿಗೆಯ ಪರಿಣಾಮ ಹಗಲಿನಲ್ಲಿ ಏರುಪೇರಾಗುವವರಿಗೆ ವೈದ್ಯರು ಮೀನು, ಮಾಂಸವನ್ನು ರಾತ್ರಿ ಊಟಕ್ಕೆ ಸರಿಸಲು ಹೇಳುವುದುಂಟು. ನಮ್ಮ ಮನೆಯಲ್ಲಿ ಮಧ್ಯಾಹ್ನ ಈಗ ಗಂಜಿ, ತರಕಾರಿ ಪಲ್ಯ, ಉಪ್ಪಿನಕಾಯಿ. ಮೀನು ಸಾರು ಇಶಾ ಆದ ಮೇಲೆ. ಕರಾವಳಿಯವರಿಗೆ ಮಧ್ಯಾಹ್ನ ಮೀನಿಲ್ಲದ ಊಟ ಎಂದರೆ ಏನೆಂದು ಬೇರೆ ಹೇಳಬೇಕಾಗಿಲ್ಲ. ತಂದೆಯವರು ಒಂದು ವಾರ ಮುನಿಸಿಕೊಂಡೇ ಇದ್ದರು.

ಇನ್ನು ರೋಗ ನಿರೋಧಕ ಶಕ್ತಿಯ ವಿಷಯ. ಕೊರೋನಾ ಕಾಲದಿಂದ ಈ ಪದ ಎಲ್ಲರ ಬಾಯಲ್ಲೂ ಇದೆ, ಅದರ ಹೆಸರಿನಲ್ಲಿ ಮಾರುವ ಪುಡಿ, ಕಷಾಯಗಳಿಗೂ ಲೆಕ್ಕವಿಲ್ಲ. ಒಂದು ಚಮಚ ತಿಂದ ಕೂಡಲೇ ಅದನ್ನು ಹೆಚ್ಚಿಸುವ ವಸ್ತು ಯಾವುದೂ ಇಲ್ಲ. ಹೊಟ್ಟೆ ತುಂಬ ಊಟ, ಸಾಕಷ್ಟು ಪ್ರೋಟೀನ್, ಸೊಪ್ಪು, ಹಣ್ಣು, ಒಳ್ಳೆಯ ನಿದ್ರೆ, ಮೈಮೇಲೆ ಸ್ವಲ್ಪ ಬಿಸಿಲು, ಇಷ್ಟೇ ಅದರ ಬಂಡವಾಳ. ಮನೆಯೊಳಗೇ ಉಳಿಯುವ ಹಿರಿಯರಲ್ಲಿ ವಿಟಮಿನ್ ಡಿ ಕಡಿಮೆ ಇರುವುದು ಸಾಮಾನ್ಯ. ಹಲವು ವರ್ಷ ಲೆವೊಡೋಪಾ ತೆಗೆದುಕೊಂಡವರಲ್ಲಿ ಬಿ12 ಕೂಡ ಕಡಿಮೆಯಾಗಬಹುದು. ಎರಡನ್ನೂ ರಕ್ತ ಪರೀಕ್ಷೆಯಲ್ಲಿ ನೋಡಿ ಕೊಡುತ್ತಾರೆ, ಊಹೆಯ ಮೇಲೆ ನುಂಗಬೇಕಾಗಿಲ್ಲ. ಕರಿಜೀರಿಗೆ, ಜೇನಿನ ಮೇಲೆ ನಮಗೆಲ್ಲ ಪ್ರೀತಿಯಿದೆ. ಅಡುಗೆಯಲ್ಲಿ, ನಾಲಿಗೆಯ ಮೇಲೆ ಸ್ವಲ್ಪ ತೆಗೆದುಕೊಂಡರೆ ತೊಂದರೆಯಿಲ್ಲ. ಅವುಗಳನ್ನು ನಂಬಿ ಗುಳಿಗೆ ಬಿಡುವುದು ಮಾತ್ರ ಬೇಡ. ಸಕ್ಕರೆ ಕಾಯಿಲೆಯೂ ಇದ್ದರೆ ಜೇನಿನ ಲೆಕ್ಕ ಬೇರೆ. ನಸುಗುನ್ನಿ ಬೀಜದ ಪುಡಿಯನ್ನು ಕೆಲವರು ತರಿಸುತ್ತಾರೆ. ಅದರಲ್ಲಿ ಲೆವೊಡೋಪಾ ನಿಜವಾಗಿಯೂ ಇದೆ, ಎಚ್ಚರ ಬೇಕಾದದ್ದೂ ಅದಕ್ಕೇ. ಒಂದು ಚಮಚದಲ್ಲಿ ಎಷ್ಟಿದೆ ಎಂದು ತಿಳಿಯದೆ ಗುಳಿಗೆಯ ಮೇಲೆ ಅದನ್ನೂ ಕೊಟ್ಟರೆ ಪ್ರಮಾಣ ಮೀರುತ್ತದೆ.

ಪಾರ್ಕಿನ್ಸನ್ ಇರುವವರಿಗೆ ಸೋಂಕು ಬರುವ ದಾರಿ ಹೆಚ್ಚಾಗಿ ಬಾಯಿ. ಗಂಟಲಿನ ಸ್ನಾಯುಗಳೂ ನಿಧಾನವಾಗುವುದರಿಂದ ನೀರು, ಅನ್ನದ ಅಗುಳು, ಎಂಜಲು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಈ ಕಾಯಿಲೆಯವರ ಸಾವಿಗೆ ಮುಖ್ಯ ಕಾರಣಗಳಲ್ಲಿ ಅದೂ ಒಂದು. ಊಟದ ನಡುವೆ ಕೆಮ್ಮು, ನೀರು ಕುಡಿದ ಮೇಲೆ ಗೊರಗೊರ ದನಿ, ಗುಳಿಗೆ ಗಂಟಲಲ್ಲೇ ನಿಂತಂತೆ ಅನಿಸುವುದು, ಇವು ಕಂಡರೆ ವೈದ್ಯರಿಗೆ ಹೇಳಬೇಕು. ಕೆಲವರಿಗೆ ಕೆಮ್ಮೂ ಬರುವುದಿಲ್ಲ. ನುಂಗುವಿಕೆಯನ್ನು ಪರೀಕ್ಷಿಸಿ ಅಭ್ಯಾಸ ಕಲಿಸುವ ತಜ್ಞರು ದೊಡ್ಡ ಆಸ್ಪತ್ರೆಗಳಲ್ಲಿ ಇದ್ದಾರೆ. ನಮ್ಮ ಮನೆಯಲ್ಲಿ ನೆಲದ ಮೇಲೆ ಸುಫ್ರಾ ಹಾಸಿ ಒಟ್ಟಿಗೆ ಉಣ್ಣುವ ರೂಢಿ. ತಂದೆಯವರಿಗೆ ಈಗ ಬೆನ್ನು ನೆಟ್ಟಗಿರುವ ಕುರ್ಚಿ ಹಾಕಿದ್ದೇವೆ, ಅವರು ಒಂಟಿಯಾಗಬಾರದೆಂದು ನಾವೂ ಮೇಜಿಗೆ ಬಂದೆವು. ತುತ್ತು ಚಿಕ್ಕದು, ಬಾಯಲ್ಲಿ ಅನ್ನವಿರುವಾಗ ಅವರನ್ನು ಯಾರೂ ಮಾತಾಡಿಸುವುದಿಲ್ಲ. ಅವಲಕ್ಕಿ, ರಸ್ಕು, ಒಣ ಕಬಾಬಿನಂತಹ ಪುಡಿಪುಡಿಯಾಗುವ ತಿಂಡಿಗಳನ್ನು ಬಿಟ್ಟೆವು. ಸಾರಿನಲ್ಲಿ ಚೆನ್ನಾಗಿ ನೆನೆದ ರೊಟ್ಟಿ, ಮೆತ್ತಗೆ ಬೆಂದ ಮಾಂಸ ಸಲೀಸಾಗಿ ಇಳಿಯುತ್ತದೆ.

ಬಾಯಿಯ ಶುಚಿತ್ವವೂ ಇದರೊಂದಿಗೆ ಬರುತ್ತದೆ. ಬಾಯಲ್ಲಿ ಕೊಳೆ ಕಡಿಮೆಯಿದ್ದರೆ ಶ್ವಾಸಕೋಶಕ್ಕೆ ಜಾರುವ ಎಂಜಲಿನಲ್ಲಿ ಕ್ರಿಮಿಗಳೂ ಕಡಿಮೆ. ಮಿಸ್ವಾಕ್ ಬಿಡದ ಹಿರಿಯರು ಕೈ ನಡುಗಲಾರಂಭಿಸಿದ ಮೇಲೆ ಹಲ್ಲುಜ್ಜುವುದನ್ನೇ ಕಡಿಮೆ ಮಾಡುತ್ತಾರೆ. ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಮಲಗುವ ಮುನ್ನ ಮಗನೋ ಮೊಮ್ಮಗನೋ ಹತ್ತಿರ ನಿಂತು ನೆರವಾಗಬಹುದು.

ನೀರಿನ ವಿಷಯ ನಮಗೆ ಬಹಳ ತಡವಾಗಿ ತಿಳಿಯಿತು. ತಂದೆಯವರು ಅಸರ್ ನಂತರ ನೀರನ್ನೇ ಮುಟ್ಟುತ್ತಿರಲಿಲ್ಲ. ಕೇಳಿದರೆ ಬಾಯಾರಿಕೆಯಿಲ್ಲ ಎನ್ನುತ್ತಿದ್ದರು. ಒಂದು ದಿನ ಉಮ್ಮನ ಹತ್ತಿರ ನಿಜ ಹೇಳಿದರು: ನೀರು ಕುಡಿದರೆ ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕು, ವುಝೂ ಉಳಿಯುವುದಿಲ್ಲ, ರಾತ್ರಿ ಯಾರನ್ನಾದರೂ ಎಬ್ಬಿಸಬೇಕು. ನೀರು ಕಡಿಮೆಯಾದರೆ ಮಲಬದ್ಧತೆ ಹೆಚ್ಚುತ್ತದೆ, ಮೂತ್ರದ ಸೋಂಕು ಬರುತ್ತದೆ, ಎದ್ದು ನಿಂತಾಗ ರಕ್ತದೊತ್ತಡ ಕುಸಿದು ತಲೆ ಸುತ್ತುತ್ತದೆ. ಮಲಬದ್ಧತೆಯಂತೂ ಈ ಕಾಯಿಲೆಯ ಒಡಹುಟ್ಟು. ಎಷ್ಟೋ ಜನರಲ್ಲಿ ಅದು ನಡುಕಕ್ಕಿಂತ ವರ್ಷಗಟ್ಟಲೆ ಮೊದಲೇ ಬಂದಿರುತ್ತದೆ. ಮೂತ್ರ ತಡೆಯಲಾಗದವರ ವುಝೂಗೆ ಶರೀಅತ್‌ನಲ್ಲಿ ರಿಯಾಯಿತಿ ಇದೆ. ಖತೀಬರೇ ಮನೆಗೆ ಬಂದು ಅದನ್ನು ವಿವರಿಸಿ ಹೇಳಿದ ಮೇಲೆ ತಂದೆಯವರು ಲೋಟ ಕೈಗೆತ್ತಿಕೊಂಡರು. ನಮ್ಮ ಮಾತಿಗೆ ಅಷ್ಟು ಬೆಲೆ ಸಿಕ್ಕಿರಲಿಲ್ಲ. ಈಗ ಹಗಲಿನಲ್ಲಿ ಹೆಚ್ಚು, ಮಗ್ರಿಬ್ ನಂತರ ಕಡಿಮೆ. ಜೊತೆಗೆ ಬಸಳೆ, ಹರಿವೆ, ನುಗ್ಗೆ ಸೊಪ್ಪು, ಪಪ್ಪಾಯಿ.

ಈ ಹಿರಿಯರಲ್ಲಿ ಸೋಂಕು ಬಂದಾಗ ಜ್ವರ ಕಾಣದೆಯೂ ಇರಬಹುದು. ನಿನ್ನೆಯವರೆಗೆ ನಡೆಯುತ್ತಿದ್ದವರು ಇಂದು ಏಳಲಾರದಾದರೆ, ಮಾತು ಗೊಂದಲವಾದರೆ, ಕಾಯಿಲೆ ಜಾಸ್ತಿಯಾಯಿತು ಎಂದು ಕೈಕಟ್ಟಿ ಕೂರದೆ ಮೂತ್ರ, ಎದೆ ಪರೀಕ್ಷೆ ಮಾಡಿಸಬೇಕು. ಆಸ್ಪತ್ರೆಗೆ ಸೇರಿಸಿದರೆ ಗುಳಿಗೆಯ ಸಮಯಗಳನ್ನು ಒಂದು ಕಾಗದದಲ್ಲಿ ಬರೆದು ನರ್ಸ್ ಕೈಗೆ ಕೊಡಿ. ವಾಂತಿಗೆ ಸಾಮಾನ್ಯವಾಗಿ ಕೊಡುವ ಮೆಟೊಕ್ಲೋಪ್ರಮೈಡ್ ಈ ಕಾಯಿಲೆಯನ್ನು ಹೆಚ್ಚಿಸುತ್ತದೆ ಎಂಬುದನ್ನೂ ಅದರಲ್ಲೇ ಬರೆಯಿರಿ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಯಾವ ಪುಡಿಗಿಂತಲೂ ಅವು ಮೇಲು.

ಕೊನೆಯದಾಗಿ ರಮಝಾನ್. ಮೂರು ವರ್ಷದ ಹಿಂದೆ ತಂದೆಯವರು ನಮಗೆ ಹೇಳದೆ ಉಪವಾಸ ಹಿಡಿದರು. ಮಧ್ಯಾಹ್ನದ ಗುಳಿಗೆಗಳನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಒಂಬತ್ತನೆಯ ದಿನ ಅಸರ್ ಹೊತ್ತಿಗೆ ಮೈ ಮರದಂತೆ ಬಿಗಿದು ಕುರ್ಚಿಯಿಂದ ಏಳಲಾಗಲಿಲ್ಲ. ಲೆವೊಡೋಪಾದ ಪರಿಣಾಮ ಕೆಲವೇ ಗಂಟೆಗಳದ್ದು. ನಮ್ಮ ಉಪವಾಸ ಸುಮಾರು 13 ಗಂಟೆಯದ್ದು. ಗುಳಿಗೆಯನ್ನು ಹಠಾತ್ತಾಗಿ ನಿಲ್ಲಿಸಿದರೆ ವಿಪರೀತ ಜ್ವರ, ಬಿಗಿತ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಕಾಯಿಲೆಯ ಆರಂಭದಲ್ಲಿರುವ ಕೆಲವರಿಗೆ ವೈದ್ಯರು ಔಷಧಿಯ ಕ್ರಮ ಬದಲಿಸಿ ಅನುಮತಿ ಕೊಡಬಹುದು. ಅದನ್ನು ಶಾಬಾನ್ ತಿಂಗಳಲ್ಲೇ ಕೇಳಿ ತೀರ್ಮಾನಿಸಬೇಕು, ಚಂದ್ರದರ್ಶನವಾದ ರಾತ್ರಿ ಅಲ್ಲ. ರೋಗಿಗಳಿಗೆ ಉಪವಾಸದಲ್ಲಿ ವಿನಾಯಿತಿ ಇರುವುದು ಸೂರಃ ಅಲ್‌ಬಕರಾದಲ್ಲೇ ಇದೆ. ಗುಣವಾಗುವ ನಿರೀಕ್ಷೆಯಿಲ್ಲದವರು ಪ್ರತಿ ಉಪವಾಸಕ್ಕೆ ಒಬ್ಬ ಬಡವನಿಗೆ ಊಟ ಕೊಡುವ ಫಿದ್ಯದ ಕ್ರಮವನ್ನು ನಮ್ಮ ಖತೀಬರು ತಿಳಿಸಿದರು. ತಂದೆಯವರು ಅಂದು ಅತ್ತರು. ಮರುವರ್ಷದಿಂದ ಫಿದ್ಯದ ಊಟವನ್ನು ತಾವೇ ನಿಂತು ಕಟ್ಟಿಸುತ್ತಾರೆ. ಮಧ್ಯಾಹ್ನ ಒಂದೂವರೆಗೆ ಉಮ್ಮ ಕೋಣೆಯ ಬಾಗಿಲು ಮುಂದೆ ಮಾಡಿ ಗುಳಿಗೆ, ನೀರು ಕೊಡುತ್ತಾರೆ. ಅರ್ಧ ಗಂಟೆಯ ನಂತರ ಗಂಜಿ. ಮಗ್ರಿಬ್ ಬಾಂಗ್ ಆಗುವಾಗ ನಮ್ಮೊಂದಿಗೆ ಮೇಜಿಗೆ ಬಂದು ಖರ್ಜೂರವನ್ನು ಮೊದಲು ಮೊಮ್ಮಕ್ಕಳ ಕೈಗೆ ಇಡುವವರು ಅವರೇ.